ಪಂಚರ್ರಾ ಸಾರ್?

ಎಡ ಮೊಣಕೈ ಗಾಯದ ಹಕ್ಕಳೆ ಇನ್ನೂ ಉದುರಿಲ್ಲ. ಕೇಳಿದವರಿಗೆಲ್ಲ ಸೈಕಲ್ಲಿಂದ ಬಿದ್ದೆ ಅಂತಷ್ಟೇ ಹೇಳುತ್ತಿದ್ದೇನೆ. ಬೇಗ ಉರುಳುವ ಟೈರ್ ಹಾಕಿಕೊಂಡು ನಾನೇ ಉರುಳಿದೆ ಅಂತ ನಿಜ ಹೇಳಿದರೆ ಆಫೀಸಿನಲ್ಲಿ ದೀಪಾವಳಿವರೆಗೂ ಅದೇ ಮಾತಾಗುತ್ತದೆ.

ಶುರುವಾಗಿದ್ದು ಒಬ್ಬ ಹಾಲಿನವರಿಂದ.

ನಮ್ಮ ಮನೆ ಯಲಹಂಕದಲ್ಲಿ. ಭಾನುವಾರ ಬೆಳಕು ಹರಿಯುವ ಮುಂಚೆ ನಾವು ಐದಾರು ಜನ ಮೌಂಟನ್ ಬೈಕ್ ಹತ್ತಿ ದೊಡ್ಡಬಳ್ಳಾಪುರ ರಸ್ತೆ ಹಿಡಿಯುತ್ತೇವೆ. ರಾಜಾನುಕುಂಟೆ ದಾಟಿ ಒಂದು ಕಡೆ ಒಳಗೆ ತಿರುಗಿದರೆ ಮಣ್ಣು ರಸ್ತೆ, ನೀಲಗಿರಿ ತೋಪು, ರಾಗಿ ಹೊಲದ ಬದು, ಆಮೇಲೆ ಒಂದು ಕೆರೆ ಏರಿ. ಅದನ್ನು ನಾವು ಟ್ರೇಲ್ ಅಂತೀವಿ. ಊರಿನವರು ದಾರಿ ಅಂತಾರೆ. ಒಟ್ಟು ಏಳು ಕಿಲೋಮೀಟರ್. ಆ ಏಳಕ್ಕೆ ಹೋಗಿ ಬರಲು ಮೂವತ್ತು ಕಿಲೋಮೀಟರ್ ಟಾರು ತುಳಿಯಬೇಕು. ಈ ಲೆಕ್ಕವನ್ನು ಸೈಕಲ್ ಕೊಳ್ಳುವಾಗ ಯಾರೂ ಮಾಡುವುದಿಲ್ಲ. ನಾನೂ ಮಾಡಲಿಲ್ಲ. ದಪ್ಪ ದಪ್ಪ ಬಟನ್ ಇರುವ, ಟ್ರ್ಯಾಕ್ಟರ್‌ಗೆ ಮರಿ ಹುಟ್ಟಿದ ಹಾಗಿರುವ 2.35 ಇಂಚಿನ ಟೈರ್ ನೋಡಿ ಮರುಳಾಗಿ ಬಂದವನು ನಾನು.

ಆ ಟೈರ್ ಟಾರಿನ ಮೇಲೆ ಗುಂಯ್ ಅನ್ನುತ್ತದೆ. ಪಕ್ಕದ ಬೀದಿಯಲ್ಲಿ ಹಿಟ್ಟಿನ ಗಿರಣಿ ಶುರುವಾದ ಹಾಗೆ. ನಾಯಿಗಳಿಗೆ ಅರ್ಧ ಕಿಲೋಮೀಟರ್ ಮುಂಚೆಯೇ ಗೊತ್ತಾಗುತ್ತದೆ, ಅವು ಎದ್ದು ಮೈಮುರಿದು ತಯಾರಾಗಿ ನಿಂತಿರುತ್ತವೆ.

ಹಾಗೆ ಗುಂಯ್ ಅನ್ನಿಸಿಕೊಂಡು, ಏದುಸಿರು ಬಿಡುತ್ತಾ ಹೋಗುತ್ತಿದ್ದಾಗ ಒಬ್ಬರು ನನ್ನನ್ನು ಹಿಂದೆ ಹಾಕಿದರು. ವಯಸ್ಸು ಅರವತ್ತರ ಮೇಲೆ. ಹಳೇ ಕಪ್ಪು ಸೈಕಲ್, ಹಿಂದೆ ಎರಡು ಹಾಲಿನ ಕ್ಯಾನು, ಮೇಲಕ್ಕೆ ಕಟ್ಟಿದ ಲುಂಗಿ, ಬಾಯಲ್ಲಿ ಬೇವಿನ ಕಡ್ಡಿ. ಮುಂದೆ ಹೋದವರು ತಿರುಗಿ ನೋಡಿ, ಕಡ್ಡಿ ತೆಗೆದು ಕೇಳಿದರು: "ಪಂಚರ್ರಾ ಸಾರ್?"

ಅದರಲ್ಲಿ ವ್ಯಂಗ್ಯ ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ನಿಜವಾದ ಕಾಳಜಿ ಇತ್ತು.

ಅವತ್ತೇ ಟೈರ್ ಬದಲಾಯಿಸಲು ತೀರ್ಮಾನ ಮಾಡಿದೆ. ಒಂದು ವಾರ ರಾತ್ರಿ ಎಲ್ಲ ಅದನ್ನೇ ಓದಿದೆ. ಟೈರ್ ಉರುಳುವಾಗ ನೆಲಕ್ಕೆ ತಾಗಿದ ಭಾಗ ಚಪ್ಪಟೆಯಾಗಿ, ಮೇಲೆದ್ದಾಗ ಮತ್ತೆ ದುಂಡಗಾಗುತ್ತದಂತೆ. ರಬ್ಬರ್ ಜಿಪುಣ. ಬಗ್ಗಲು ನಾವು ಕೊಟ್ಟ ಶಕ್ತಿಯನ್ನು ಪೂರ್ತಿ ವಾಪಸ್ ಕೊಡುವುದಿಲ್ಲ, ಸ್ವಲ್ಪವನ್ನು ಬಿಸಿ ಮಾಡಿಕೊಂಡು ಕಳೆದುಬಿಡುತ್ತದೆ. ಉದ್ದ ಬಟನ್ ಇದ್ದರಂತೂ ಒಂದೊಂದು ಬಟನ್ನೂ ಬೇರೆ ಬೇರೆ ಬಗ್ಗಿ ಏಳಬೇಕು. ಅಂದರೆ ನಾನು ಬೆಳಗ್ಗೆ ತಿನ್ನುವ ಎರಡು ಬಾಳೆಹಣ್ಣಿನಲ್ಲಿ ಒಂದಿಷ್ಟು ನನ್ನನ್ನು ಮುಂದೆ ತಳ್ಳುವ ಬದಲು ರಬ್ಬರ್ ಬಟನ್ ಬಗ್ಗಿಸಲು ಖರ್ಚಾಗುತ್ತಿತ್ತು.

ಸರಿ, ಸಣ್ಣ ಬಟನ್ನಿನ ಟೈರ್ ಬೇಕು. ಆದರೆ ಆರಿಸುವುದು ಹೇಗೆ? ಶ್ವಾಲ್ಬೆ ಅನ್ನುವ ಜರ್ಮನ್ ಕಂಪನಿ ತನ್ನ ಕೆಲವು ಟೈರ್‌ಗಳಿಗೆ ಗಂಡು ಹುಡುಗರ ಹೆಸರಿಟ್ಟಿದೆ. ರೇಸಿಂಗ್ ರಾಲ್ಫ್, ನಾಬಿ ನಿಕ್, ರಾಕೆಟ್ ರಾನ್, ಸ್ಮಾರ್ಟ್ ಸ್ಯಾಮ್, ಫ್ಯಾಟ್ ಆಲ್ಬರ್ಟ್. ಮಗಳಿಗೆ ಗಂಡು ಹುಡುಕುವ ಅಪ್ಪನ ಹಾಗೆ ಒಬ್ಬೊಬ್ಬರ ಜಾತಕ ನೋಡುತ್ತಾ ಕೂತೆ. ಚುರುಕಾಗಿ ಓಡುವವನು ತಿರುವಿನಲ್ಲಿ ಕೈಹಿಡಿಯುವುದಿಲ್ಲ, ಕೈಹಿಡಿಯುವವನು ಓಡುವುದಿಲ್ಲ. ಎರಡೂ ಗುಣ ಇರುವವನ ರೇಟು ಜಾಸ್ತಿ. ಅದರ ಮೇಲೆ ಟೈರಿನ ಒಳಗಿನ ಬಟ್ಟೆಯಲ್ಲಿ ಒಂದು ಇಂಚಿಗೆ ಎಷ್ಟು ಎಳೆ ಅನ್ನುವ ಲೆಕ್ಕ ಬೇರೆ, 60 ಅಥವಾ 120. ಎಳೆ ನಯವಾದಷ್ಟು ಟೈರ್ ಸಲೀಸಾಗಿ ಬಗ್ಗುತ್ತದಂತೆ. ಹೆಂಡತಿ ಹಿಂದಿನಿಂದ ಇಣುಕಿ ನೋಡಿ, "ಎಳೆ ಲೆಕ್ಕ ಹಾಕಿ ಸೀರೆ ತಗೋತಾರೆ, ಟೈರ್ ತಗೊಳೋದು ಇವತ್ತೇ ನೋಡಿದ್ದು" ಅಂದಳು. ಬೆಲೆ ಕಂಡ ಮೇಲೆ, ಈ ದುಡ್ಡಿಗೆ ಸ್ಕೂಟರ್ ಟೈರೇ ಬರುತ್ತೆ ಅಂತ ಸೇರಿಸಿದಳು. ಅದು ನಿಜ. ಅದಕ್ಕೇ ಉತ್ತರ ಕೊಡಲಿಲ್ಲ.

ಇಲ್ಲಿ ನಮ್ಮ ಗುಂಪಿನ ಹೆಬ್ಬೆಟ್ಟಿನ ಬಗ್ಗೆ ಹೇಳಲೇಬೇಕು. ಹಾಗಂತ ನಾವು ಹಿಂದಿನಿಂದ ಕರೆಯುತ್ತೇವೆ. ಅವರಿಗೆ ಎರಡು ಡಿಗ್ರಿ ಇದೆ, ಆದರೂ ಹೆಬ್ಬೆಟ್ಟು. ಯಾಕೆಂದರೆ ಟೀ ಅಂಗಡಿ ಮುಂದೆ ನಿಂತ ತಕ್ಷಣ ನಮ್ಮ ಕೈ ಟೀ ಲೋಟಕ್ಕೆ ಹೋದರೆ ಅವರ ಹೆಬ್ಬೆರಳು ನಮ್ಮ ಟೈರ್‌ಗಳಿಗೆ ಹೋಗುತ್ತದೆ. ಸಾಲಾಗಿ ನಿಲ್ಲಿಸಿದ ಸೈಕಲ್‌ಗಳನ್ನು ಒಂದೊಂದಾಗಿ ಒತ್ತುತ್ತಾ ಬರುತ್ತಾರೆ. ಮೊದಲು ಹಿಂದಿನದು, ಆಮೇಲೆ ಮುಂದಿನದು. ನಾಡಿ ಹಿಡಿದ ಪಂಡಿತರ ಹಾಗೆ ಕಣ್ಣು ಮುಚ್ಚುತ್ತಾರೆ. ನಾವು ಟೀ ಬಾಯಿಗಿಟ್ಟವರು ಹಾಗೇ ಕಾಯಬೇಕು. "ಮೂವತ್ತನಾಲ್ಕು." ಒಳಗಿನ ಗಾಳಿಯ ಒತ್ತಡ ಅಷ್ಟಂತೆ. ಒಂದು ಸಲ ನಾವು ಮೀಟರ್ ಇರುವ ಪಂಪ್ ತಂದು ಪರೀಕ್ಷೆ ಮಾಡಿದೆವು. ಮೂವತ್ತಮೂರು ತೋರಿಸಿತು. ಮೀಟರ್ ಹಾಳಾಗಿದೆ ಅಂದರು.

ಬರೀ ಹೇಳಿ ಬಿಟ್ಟರೆ ಪರವಾಗಿಲ್ಲ. ಕೇಳದೆಯೇ ವಾಲ್ವ್ ಮುಚ್ಚಳ ತೆಗೆದು, ಉಗುರಿನಲ್ಲಿ ಒತ್ತಿ ಸ್ಸ್ಸ್ ಅಂತ ಗಾಳಿ ಬಿಟ್ಟುಬಿಡುತ್ತಾರೆ. ನಿಮ್ಮ ಅನುಮತಿ ಬೇಡ. ಟೈರ್ ನಿಮ್ಮದು, ಗಾಳಿ ಸಾರ್ವಜನಿಕ ಆಸ್ತಿ. ಹೀಗೆ ಗಾಳಿ ಬಿಡಿಸಿಕೊಂಡ ಹುಡುಗನೊಬ್ಬ ಮುಂದಿನ ಕಲ್ಲಿಗೇ ಬಡಿದ. ಟ್ಯೂಬು ಕಲ್ಲಿಗೂ ರಿಮ್ಮಿಗೂ ನಡುವೆ ಸಿಕ್ಕಿ, ಹಾವು ಕಚ್ಚಿದ ಹಾಗೆ ಅಕ್ಕಪಕ್ಕ ಎರಡು ತೂತು. ಹೆಬ್ಬೆಟ್ಟು ಹಿಂದಿನಿಂದ ಬಂದು ಇಳಿದರು. ಬಗ್ಗಿದರು. ಒತ್ತಿದರು. ಕಣ್ಣು ಮುಚ್ಚಿದರು.

"ಗಾಳಿ ಇಲ್ಲ" ಅಂದರು.

ಸೀಬೆಹಣ್ಣಿನ ತಳ್ಳುಗಾಡಿಯನ್ನೂ ಅವರು ಬಿಟ್ಟಿಲ್ಲ. ಹಣ್ಣು ಒತ್ತಬೇಡಿ, ಹಣ್ಣು ಒತ್ತಬೇಡಿ ಅಂತ ಹೇಳಿ ಅಭ್ಯಾಸವಾಗಿದ್ದ ಗಾಡಿಯಮ್ಮ, ಗಾಡಿಯ ಟೈರ್ ಒತ್ತುವ ಗಿರಾಕಿಗೆ ಏನು ಹೇಳಬೇಕೋ ಗೊತ್ತಾಗದೆ ಸುಮ್ನೆ ನೋಡುತ್ತಾ ನಿಂತಿದ್ದರು.

ಸಿಟ್ಟು ಬರುವುದು ಎಲ್ಲಿ ಅಂದರೆ, ಅವರು ಹೇಳುವುದು ಸರಿ. ನುಣ್ಣನೆ ಟಾರಿನಲ್ಲಿ ಗಾಳಿ ಜಾಸ್ತಿ ಇದ್ದಷ್ಟು ಟೈರ್ ಹಗುರವಾಗಿ ಓಡುತ್ತದೆ, ಆದರೆ ಕಲ್ಲು ಮಣ್ಣಿನ ದಾರಿಯಲ್ಲಿ ಗಟ್ಟಿ ಟೈರ್ ಪ್ರತಿ ಕಲ್ಲಿಗೂ ನಮ್ಮನ್ನು ಎತ್ತಿ ಎತ್ತಿ ಹಾಕುತ್ತದೆ, ಮುಂದೆ ಹೋಗಬೇಕಾದ ಶಕ್ತಿಯೆಲ್ಲ ಮೇಲೆ ಹೋಗುತ್ತದೆ. ಸ್ವಲ್ಪ ಮೆತ್ತಗಿದ್ದರೆ ಕಲ್ಲನ್ನು ಟೈರೇ ನುಂಗಿಕೊಳ್ಳುತ್ತದೆ. ನನಗೆ ಅವರು ಬಿಡಿಸಿ ಹೇಳಿದ್ದರು: "ಹಿಂದಿನದು ಮಾತ್ರ ಬದಲಾಯಿಸಿ. ಭಾರ ಜಾಸ್ತಿ ಬೀಳೋದು ಹಿಂದೆ, ಅದು ಹಗುರವಾಗಿ ಉರುಳಿದರೆ ಸಾಕು. ಹಿಂದಿನದು ಜಾರಿದರೆ ಸುಧಾರಿಸಿಕೊಳ್ತೀರಿ. ಮುಂದಿನದು ಜಾರಿದರೆ ನೀವೂ ಜಾರಿದಿರಿ ಅಂತ ಲೆಕ್ಕ."

ಅವರು ಹೇಳಿದರು ಅನ್ನುವ ಒಂದೇ ಕಾರಣಕ್ಕೆ ಎರಡನ್ನೂ ಬದಲಾಯಿಸಿದೆ. ಒಂದು ಕಾಲಿಗೆ ಚಪ್ಪಲಿ, ಇನ್ನೊಂದಕ್ಕೆ ಬೂಟು ಹಾಕಿಕೊಂಡು ಯಾರಾದರೂ ಓಡಾಡುತ್ತಾರಾ?

ಮನೆಯಲ್ಲೇ ಜೋಡಿಸಿದ ಕಥೆ ಉದ್ದ ಇದೆ, ಬೇಡ. ಸಾಂಬಾರಿನ ಸೌಟಿನ ಹಿಡಿ ಬಾಗಿದೆ, ಒಂದು ಟ್ಯೂಬು ಹೋಗಿದೆ, ಆ ಎರಡರ ಬಗ್ಗೆಯೂ ಮನೆಯಲ್ಲಿ ಮಾತುಕತೆ ಮುಗಿದಿದೆ. ಟೈರ್ ಪಕ್ಕದಲ್ಲಿ 65 ಅಂತ ಅಚ್ಚಾಗಿತ್ತು. ಅದು ಇದಕ್ಕಿಂತ ಮೇಲೆ ಹಾಕಬೇಡ ಅನ್ನುವ ಎಚ್ಚರಿಕೆ. ನಾನು ಅದನ್ನು ಪರೀಕ್ಷೆಯ ಪೂರ್ಣಾಂಕ ಅಂದುಕೊಂಡು, ಕೈ ಸೋಲುವವರೆಗೆ ಪಂಪ್ ಹೊಡೆದು 55ಕ್ಕೆ ನಿಲ್ಲಿಸಿದೆ. ಫಸ್ಟ್ ಕ್ಲಾಸ್ ಆಯಿತಲ್ಲ ಅಂತ ಸಮಾಧಾನ.

ಆ ಭಾನುವಾರದ ಟಾರು ಮಾತ್ರ ಮರೆಯುವ ಹಾಗಿಲ್ಲ. ಸದ್ದೇ ಇಲ್ಲ. ನಾಯಿಗಳು ಮಲಗಿದ್ದ ಹಾಗೇ ಇದ್ದವು, ಒಂದು ಕಣ್ಣು ಬಿಟ್ಟು ನೋಡುವಷ್ಟರಲ್ಲಿ ನಾನು ಮುಂದಿನ ನಾಯಿಯ ಸರಹದ್ದಿನಲ್ಲಿದ್ದೆ. ರಾಜಾನುಕುಂಟೆಯಲ್ಲಿ ಬೇಕಂತಲೇ ಸುತ್ತ ನೋಡಿದೆ. ಬೇಕಾದ ದಿನ ಹಾಲಿನವರು ಇರಲಿಲ್ಲ.

ಮಣ್ಣಿಗಿಳಿದ ಮೇಲೆ ಹಲ್ಲು ಕಟಕಟ ಅನ್ನತೊಡಗಿತು. ಗುಂಪಿನಲ್ಲಿ ಮೊದಲನೆಯವನಾಗಿ ಹೋಗುತ್ತಿದ್ದೇನಲ್ಲ, ಹಲ್ಲಿನ ಚಿಂತೆ ಯಾರಿಗೆ? ಕೆರೆ ಏರಿ ಇಳಿದು ಬಲಕ್ಕೆ ತಿರುಗುವ ಕಡೆ ಗಟ್ಟಿ ನೆಲದ ಮೇಲೆ ಸಣ್ಣ ಗರಸು ಹರಡಿಕೊಂಡಿರುತ್ತದೆ, ರಾಗಿ ಕಾಳು ಚೆಲ್ಲಿದ ಹಾಗೆ. ಹಳೇ ಟೈರಿನ ಬಟನ್‌ಗಳು ಅದನ್ನು ಕಚ್ಚಿ ಹಿಡಿಯುತ್ತಿದ್ದವು. ಹೊಸದಕ್ಕೆ ಕಚ್ಚಲು ಹಲ್ಲೇ ಇಲ್ಲ. ನಾನು ಹ್ಯಾಂಡಲ್ ತಿರುಗಿಸಿದೆ, ಚಕ್ರ ತಿರುಗಿತು, ಸೈಕಲ್ ಮಾತ್ರ ನೇರ ಹೋಯಿತು.

ಬಿದ್ದೆ. ಮೊಣಕೈ, ಸೊಂಟ, ಆಮೇಲೆ ಹೆಲ್ಮೆಟ್, ಈ ಕ್ರಮದಲ್ಲಿ. ಹಿಂದಿನಿಂದ ಬ್ರೇಕ್ ಸದ್ದು ಕೇಳಿಸಿತು. ಹೆಬ್ಬೆಟ್ಟು ಸೈಕಲ್ ಬಿಸಾಕಿ ಓಡಿ ಬಂದರು. ಪರವಾಗಿಲ್ಲ, ಮನುಷ್ಯ ಒಳ್ಳೆಯವರು ಅಂತ ಕೈ ಚಾಚಿದೆ. ಚಾಚಿದ ಕೈಯನ್ನು ದಾಟಿಕೊಂಡು ಹೋಗಿ ಸೈಕಲ್ ಪಕ್ಕ ಕೂತು, ಮುಂದಿನ ಟೈರ್ ಒತ್ತಿ, ಕಣ್ಣು ಮುಚ್ಚಿದರು.

"ಐವತ್ತೈದು."

ಸರಿಯಾಗಿಯೇ ಹೇಳಿದ್ದರು.

ಹಾಗೇ ಸ್ವಲ್ಪ ಹೊತ್ತು ಮಲಗಿದ್ದೆ. ಏಳಲು ಆಗುತ್ತಿತ್ತು, ಮುಖ ತೋರಿಸಲು ಆಗುತ್ತಿರಲಿಲ್ಲ. ಪಕ್ಕದಲ್ಲಿ ಸೈಕಲ್ಲಿನ ಚಕ್ರ ಇನ್ನೂ ಸುಮ್ನೆ ತಿರುಗುತ್ತಿತ್ತು. ತಿಪಟೂರಿನ ಕಡೆ ನಮ್ಮಜ್ಜಿಯ ಊರಿನಲ್ಲಿ ನಮ್ಮ ಹತ್ತಿರ ಸೈಕಲ್ ಇರಲಿಲ್ಲ, ಟೈರ್ ಮಾತ್ರ ಇತ್ತು. ಶಾಪಿನವನು ಎಸೆದ ಹಳೇ ಟೈರ್, ಒಂದು ಹುಣಸೆ ಕೋಲು. ಟ್ಯೂಬು ಮೊದಲೇ ಕ್ಯಾಟರ್‌ಬಿಲ್ಲಿಗೆ ಹೋಗಿರುತ್ತಿತ್ತು. ಹೊಡೆದುಕೊಂಡು ಓಡಿದರೆ ಊರ ಬಾಗಿಲಿನಿಂದ ತೆಂಗಿನ ತೋಟದವರೆಗೆ ಒಂದೇ ಉಸಿರು. ಪೂರ್ತಿ ಸವೆದು ಬೋಳಾಗಿರುವ ಟೈರಿಗೆ ನಮ್ಮಲ್ಲಿ ಬೆಲೆ ಜಾಸ್ತಿ, ಒಂದಕ್ಕೆ ಹತ್ತು ಗೋಲಿ. ಅದೇ ಎಲ್ಲಕ್ಕಿಂತ ಚೆನ್ನಾಗಿ ಉರುಳುತ್ತಿತ್ತು. ಎಂಟು ವರ್ಷದ ಹುಡುಗರಿಗೆ ಗೊತ್ತಿದ್ದದ್ದನ್ನು ಓದಲು ನನಗೆ ಒಂದು ವಾರ ಬೇಕಾಯಿತು. ಆಗ ಟೈರ್ ಬೀಳುತ್ತಿತ್ತು, ನಾವು ಬೀಳುತ್ತಿರಲಿಲ್ಲ.

ಈಗ ಮುಂದೆ ಹಳೇದು, ಹಿಂದೆ ಹೊಸದು. ಹೆಬ್ಬೆಟ್ಟು ಹೇಳಿದ ಹಾಗೇ, ಆದರೆ ಅವರಿಗೆ ನಾನೇನೂ ಹೇಳಿಲ್ಲ, ಅವರು ಒತ್ತಿ ನೋಡಿ ತಿಳಿದುಕೊಂಡಿರುತ್ತಾರೆ. ಗಾಳಿ 28. ಗುಂಯ್ ಅರ್ಧಕ್ಕೆ ಇಳಿದಿದೆ. ನಾಯಿಗಳು ಗೊಂದಲದಲ್ಲಿವೆ.

ನಿನ್ನೆ ಟೀ ಅಂಗಡಿಯ ಹತ್ತಿರ ಆ ಕಪ್ಪು ಸೈಕಲ್ ನಿಂತಿತ್ತು, ಕ್ಯಾನ್ ಸಮೇತ. ಹಾಲಿನವರು ಒಳಗೆ ಹಾಲು ಅಳೆಯುತ್ತಿದ್ದರು. ಸುತ್ತಮುತ್ತ ಯಾರೂ ಇರಲಿಲ್ಲ. ಕೂತು ಹಿಂದಿನ ಟೈರ್ ನೋಡಿದೆ. ಒಂದು ಗೆರೆ ಇಲ್ಲ, ಪೂರ್ತಿ ಬೋಳು. ನಮ್ಮೂರಿನಲ್ಲಾದರೆ ಹದಿನೈದು ಗೋಲಿ. ನನಗೆ ಗೊತ್ತಾಗುವ ಮುಂಚೆಯೇ ಹೆಬ್ಬೆರಳು ಅದರ ಮೇಲಿತ್ತು. ಕಲ್ಲು. ಕಣ್ಣನ್ನೂ ಮುಚ್ಚಿದ್ದೆ ಅನ್ನಿಸುತ್ತದೆ, ಯಾಕೆಂದರೆ ಅವರು ಬಂದದ್ದು ಕಾಣಲಿಲ್ಲ.

ತಲೆ ಮೇಲಿಂದ ಗಾಬರಿಯ ದನಿ ಬಂತು:

"ಪಂಚರ್ರಾ ಸಾರ್?"