ಬೆಲೆ ಬೇಕೇ? ಇನ್‌ಬಾಕ್ಸ್‌ಗೆ ಬನ್ನಿ

ಕಲಬುರಗಿಯ ನೆಹರು ಗಂಜಿನಲ್ಲಿ ತೊಗರಿಯ ಬೆಲೆ ಗುಟ್ಟಲ್ಲ. ಹಮಾಲರಿಂದ ಹಿಡಿದು ಚಹಾ ತರುವ ಹುಡುಗನವರೆಗೆ ಎಲ್ಲರಿಗೂ ಅಂದಿನ ಧಾರಣೆ ಬಾಯಿಪಾಠ. ಅದೇ ತೊಗರಿ ಬೇಳೆಯಾಗಿ, ಖಾಕಿ ಬಣ್ಣದ ಕಾಗದದ ಚೀಲ ಸೇರಿ, ಕೊರಳಿಗೆ ಸೆಣಬಿನ ದಾರ ಕಟ್ಟಿಸಿಕೊಂಡು ಇನ್‌ಸ್ಟಾಗ್ರಾಂಗೆ ಬಂದಿತೆಂದರೆ ಅದರ ಬೆಲೆ ಕಿವಿಯಲ್ಲಿ ಊದುವ ಮಂತ್ರೋಪದೇಶವಾಗುತ್ತದೆ. ‘ಕಿಲೋಗೆ ಎಷ್ಟು?’ ಎಂದು ಹತ್ತು ಜನರೆದುರು ಕೇಳಿದ ಮರ್ಯಾದೆಗೇಡಿಗೆ ಸಿಗುವ ಉತ್ತರ: ‘ಇನ್‌ಬಾಕ್ಸ್‌ಗೆ ಬನ್ನಿ.’ ಹೋದರೆ ಅಲ್ಲಿ ಮನುಷ್ಯರಿಲ್ಲ, ‘ನಿಮ್ಮ ಆಸಕ್ತಿಗೆ ಧನ್ಯವಾದಗಳು’ ಎಂದು ಕೈಮುಗಿಯುವ ಯಂತ್ರವೊಂದಿದೆ. 2019ರಲ್ಲಿ ಈ ತೊಗರಿಗೆ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು. ಎಲ್ಲಿ ಬೆಳೆದದ್ದು ಎಂಬುದು ಈಗ ದೇಶಕ್ಕೇ ಗೊತ್ತು. ಎಷ್ಟಕ್ಕೆ ಎಂಬುದು ಯಂತ್ರಕ್ಕೂ ಗೊತ್ತಿಲ್ಲ.

ಇದು ವ್ಯಾಪಾರಿಯ ಸ್ವಂತ ಬುದ್ಧಿ ಎಂದು ತಿಳಿಯಬೇಡಿ. ಕಲಿಸಿದವರಿದ್ದಾರೆ. ಸೇಡಂ ರಸ್ತೆಯಲ್ಲೋ ಜೇವರ್ಗಿ ರಸ್ತೆಯಲ್ಲೋ ತಂಪು ಯಂತ್ರ ಹಾಕಿದ ಒಂದು ಸಭಾಂಗಣ ಹಿಡಿದು, ‘ಒಂದೇ ದಿನದಲ್ಲಿ ಡಿಜಿಟಲ್ ಉದ್ಯಮಿಯಾಗಿ’ ಎಂದು ಬ್ಯಾನರ್ ಕಟ್ಟುವ ತರಬೇತುದಾರರು ಅವರು. ತರಬೇತಿಯ ಹೊರತು ಬೇರೆ ಯಾವ ಸರಕನ್ನೂ ಅವರು ಮಾರಿದವರಲ್ಲ ಎಂಬುದನ್ನು ಕೊರತೆಯೆಂದು ಎಣಿಸುವುದು ತಪ್ಪು. ಅದೇ ಅವರ ಪರಿಣತಿ. ಎದುರಿಗೆ ರೊಟ್ಟಿ ಕೇಂದ್ರದವರು, ಬ್ಲೌಸ್ ಹೊಲಿಯುವವರು, ಸ್ವಸಹಾಯ ಸಂಘದ ಮಹಿಳೆಯರು, ತಂದೆಯ ಕಿರಾಣಿ ಅಂಗಡಿಯ ಬಗ್ಗೆ ನಾಚಿಕೆಪಟ್ಟುಕೊಳ್ಳಲು ಆಗಷ್ಟೇ ಕಲಿತ ಮಕ್ಕಳು.

‘ರೊಟ್ಟಿ ಮಾರಬೇಡಿ, ರೊಟ್ಟಿಯ ಕಥೆ ಮಾರಿ’ ಎಂದರು ಗುರುಗಳು.

‘ಕಥೆ ಕೊಂಡವರು ಊಟಕ್ಕೆ ಏನು ಮಾಡುತ್ತಾರೆ, ಸರ್?’ ಎಂದು ಹಿಂದಿನ ಸಾಲಿನಿಂದ ಒಬ್ಬ ಹಿರಿಯ ಹೆಣ್ಣುಮಗಳು ಕೇಳಿದಳು.

‘ಅಕ್ಕಾವರೇ, ಪ್ರಶ್ನೆಗಳನ್ನು ಕೊನೆಯಲ್ಲಿ ತೆಗೆದುಕೊಳ್ಳೋಣ.’

ಕೊನೆಯಲ್ಲಿ ಗುಂಪು ಫೋಟೊ ಇತ್ತು. ಹೀಗಾಗಿ ಖಡಕ್ ರೊಟ್ಟಿಯನ್ನು ಬೆಂಗಳೂರಿಗೆ ಕೊರಿಯರ್ ಮಾಡಿದರೆ ಅದು ನುಚ್ಚಾಗದಂತೆ ಹೇಗೆ ಕಟ್ಟಬೇಕು ಎಂಬ ಸಂಗತಿ ಬರಲೇ ಇಲ್ಲ. ಮನೆಯಲ್ಲಿ ರೊಟ್ಟಿ ಬಡಿದು ಮಾರುವವರೂ ಆಹಾರ ಸುರಕ್ಷತಾ ನೋಂದಣಿ ಮಾಡಿಸಬೇಕು, ಅದರ ಶುಲ್ಕ ವರ್ಷಕ್ಕೆ 100 ರೂಪಾಯಿ ಎಂಬುದೂ ಬರಲಿಲ್ಲ. ನೂರು ರೂಪಾಯಿಯ ವಿಷಯ ಹೇಳಿದರೆ ಸಾವಿರಗಳ ಕೋರ್ಸಿನ ಗೌರವ ಉಳಿಯುವುದಿಲ್ಲ, ನಿಜ.

ನಮ್ಮ ಓಣಿಯ ರೊಟ್ಟಿ ಕೇಂದ್ರ ಈ ದೀಕ್ಷೆ ಪಡೆದದ್ದು ಹೀಗೆ. ಮೊದಲು ‘ಇಲ್ಲಿ ಬಿಸಿ ರೊಟ್ಟಿ, ಖಡಕ್ ರೊಟ್ಟಿ, ಶೇಂಗಾ ಹಿಂಡಿ ಸಿಗುತ್ತದೆ’ ಎಂಬ ಬೋರ್ಡು ಇಳಿಯಿತು. ಅದರ ಜಾಗಕ್ಕೆ ಇಂಗ್ಲಿಷಿನಲ್ಲಿ ಒಂದು ಹೆಸರು ಏರಿತು. ಅದನ್ನು ಓದಿದವರು ಒಳಗೆ ಚರ್ಮದ ಚಿಕಿತ್ಸೆ ಕೊಡುತ್ತಾರೆಂದು ಭಾವಿಸುತ್ತಾರೆ. ಬಳಿಕ ರೀಲ್. ಅತ್ತೆ ರೊಟ್ಟಿ ಬಡಿಯಬೇಕು, ಸೊಸೆ ಚಿತ್ರೀಕರಿಸಬೇಕು. ಬಡಿಯುವ ಸದ್ದು ಚೆನ್ನಾಗಿದೆ, ಆದರೆ ಕೈ ಬೇಗ ಓಡುತ್ತದೆ, ನಿಧಾನ ಮಾಡಿ. ನಿಧಾನವಾದರೆ ಹಿಟ್ಟಿನ ಜಿಗಿ ಹೋಗಿ ಅಂಚು ಬಿರಿಯುತ್ತದೆ. ಹೊಗೆ ಬೇಡ. ಹೊಗೆಯಿಲ್ಲದೆ ಒಲೆ ಹೇಗೆ? ಹಾಗಾದರೆ ಒಲೆ ಬೇಡ, ಹಂಚು ಮಾತ್ರ ಇರಲಿ. ನಲವತ್ತು ಸೆಕೆಂಡಿನ ಆ ಚಿತ್ರ ಮುಗಿಯುವಷ್ಟರಲ್ಲಿ, ಮದುವೆ ಮನೆಗೆ ಹೇಳಿದ್ದ ಐನೂರು ರೊಟ್ಟಿಗಾಗಿ ಬಂದ ಗಿರಾಕಿ ಬಾಗಿಲಲ್ಲಿ ನಿಂತು ತೂಕಡಿಸುತ್ತಿದ್ದ. ಅವನನ್ನೂ ಚಿತ್ರದಿಂದ ಹೊರಗೆ ಸರಿಸಲಾಯಿತು.

ಚಿತ್ರದ ಕೆಳಗೆ ಊರಿನ ಹೆಸರನ್ನು ಕಲಬುರಗಿ, ಕಲ್ಬುರ್ಗಿ, ಗುಲ್ಬರ್ಗಾ ಎಂದು ಮೂರು ಬಗೆಯಲ್ಲಿ ತುಂಬಲಾಯಿತು. ಸರ್ಕಾರ 2014ರ ನವೆಂಬರ್ 1ರಂದು ಊರಿನ ಹೆಸರು ಬದಲಿಸಿದರೂ ಹುಡುಕುವವರ ಬೆರಳು ಬದಲಾಗಿಲ್ಲವಂತೆ. ಹೆಚ್ಚು ಜನರ ಕಣ್ಣಿಗೆ ಬೀಳಲೆಂದು ಐನೂರು ರೂಪಾಯಿ ಕೊಟ್ಟು ‘ಬೂಸ್ಟ್’ ಕೂಡ ಮಾಡಿದರು. ಹೃದಯಗಳು ಬಂದವು, ರಾಶಿ ರಾಶಿ. ಬಹುಪಾಲು ಹೃದಯವಂತರು ಇದ್ದ ದೇಶಗಳಿಗೆ ಕಲಬುರಗಿಯಿಂದ ಪಾರ್ಸೆಲ್ ಹೋಗುವುದು ಬಿಡಿ, ಅಲ್ಲಿನವರಿಗೆ ಜೋಳ ಯಾವುದು, ರೊಟ್ಟಿ ಯಾವುದು ತಿಳಿದಿದ್ದರೆ ಅದೇ ಹೆಚ್ಚು.

ನಾನು ಇಂಟರ್‌ನೆಟ್ಟಿನ ವೈರಿಯಲ್ಲ. ಜಿಲ್ಲಾಡಳಿತವೇ ‘ಕಲಬುರಗಿ ರೊಟ್ಟಿ’ ಎಂಬ ಹೆಸರು ಕಟ್ಟಿ ಮಹಿಳಾ ಗುಂಪುಗಳ ರೊಟ್ಟಿಯನ್ನು ಆನ್‌ಲೈನ್‌ನಲ್ಲಿ ಮಾರಾಟಕ್ಕಿಟ್ಟಿದೆ. ಅಲ್ಲಿ ಮೊದಲು ರೊಟ್ಟಿ ಇತ್ತು, ಆಮೇಲೆ ಹೆಸರು ಬಂತು. ಗುರುಗಳ ಕ್ರಮದಲ್ಲಿ ಹೆಸರು, ಲಾಂಛನ, ಬಣ್ಣ, ಸಂಗೀತ ಎಲ್ಲ ಮುಗಿದ ಮೇಲೆ ರೊಟ್ಟಿಗೆ ಪುರುಸೊತ್ತು ಸಿಗಬೇಕು.

ಇನ್ನು ಗೂಗಲ್ ನಕ್ಷೆ. ಭೂಮಿಯ ಮೇಲಿನ ಸಮಸ್ತವನ್ನೂ ಹುಡುಕಿ ಕೊಡುವ ಈ ಕಂಪನಿ, ಒಂದು ಅಂಗಡಿ ನಿಜವಾಗಿಯೂ ಇದೆಯೇ ಎಂದು ತಿಳಿಯಲು ವರ್ಷಗಟ್ಟಲೆ ಅಂಚೆ ಕಾರ್ಡನ್ನು ನೆಚ್ಚಿಕೊಂಡಿತ್ತು. ಕಾರ್ಡಿನಲ್ಲಿ ಬರುವ ಗುಪ್ತ ಸಂಖ್ಯೆಯನ್ನು ನಮೂದಿಸಿದರೆ ಅಂಗಡಿ ಉಂಟು, ಇಲ್ಲವಾದರೆ ಮಾಯೆ. ಅಂದರೆ ಕೊನೆಗೂ ಅಂಗಡಿ ಎಲ್ಲಿದೆ ಎಂದು ಗೊತ್ತಿದ್ದವನು ಅಂಚೆಯಣ್ಣ ಮಾತ್ರ. ಈಗ ಹೆಚ್ಚಾಗಿ ವಿಡಿಯೊ ಕೇಳುತ್ತಾರೆ: ಬೀದಿ ತೋರಿಸಿ, ಬೋರ್ಡು ತೋರಿಸಿ, ಒಳಗಿನ ಸಾಮಾನು ತೋರಿಸಿ. ಸೊಸೆ ಓಣಿಯ ತುದಿಯಿಂದ ಮೊಬೈಲ್ ಹಿಡಿದು ಹೆಜ್ಜೆ ಹೆಜ್ಜೆಗೂ ನಿಂತು ನಡೆದು ಬಂದಾಗ, ಒತ್ತುವರಿ ತೆರವಿಗೆ ಪಾಲಿಕೆಯವರು ಬಂದರೆಂದು ಎದುರು ಮನೆಯವರು ತಮ್ಮ ಕಟ್ಟೆಯ ಕಲ್ಲನ್ನು ಒಳಗೆಳೆದುಕೊಂಡರು.

ನಕ್ಷೆಯ ಮೇಲೆ ಅಂಗಡಿ ಹುಟ್ಟಿದ ಮೇಲೆ ನಕ್ಷತ್ರಗಳು. ಬಂದ ಮೊದಲ ವಿಮರ್ಶೆಗೆ ಒಂದೇ ನಕ್ಷತ್ರ: ‘ಮೇ ತಿಂಗಳಲ್ಲಿ ಮಧ್ಯಾಹ್ನ ಮೂರಕ್ಕೆ ಹೋಗಿದ್ದೆ, ಬಾಗಿಲು ಹಾಕಿತ್ತು.’ ಆ ಬಿಸಿಲಿನಲ್ಲಿ ಮೂರು ಗಂಟೆಗೆ ಕಲಬುರಗಿಯ ಬೀದಿಗಿಳಿದವನ ತೀರ್ಮಾನವನ್ನು ಎಷ್ಟು ಗಂಭೀರವಾಗಿ ತೆಗೆದುಕೊಳ್ಳಬೇಕೆಂದು ನಕ್ಷೆಗೆ ತಿಳಿಯುವುದಿಲ್ಲ. ಬೆನ್ನಿಗೇ ಬಂದವನು ಆಹಾರ ವಿಡಿಯೊ ಮಾಡುವ ತರುಣ. ಕೈಯಲ್ಲಿ ಕೋಲು, ಕೋಲಿನ ತುದಿಯಲ್ಲಿ ಕ್ಯಾಮೆರಾ, ಹಿಂದೆ ಮೂವರು ಗೆಳೆಯರು. ಪುಂಡಿ ಪಲ್ಯ, ಹಿಂಡಿ, ಎಣ್ಣೆ ಬದನೆಕಾಯಿ, ಮೇಲೆ ಇನ್ನೊಂದು ಸುತ್ತು. ಅತ್ತೆ ದುಡ್ಡು ಕೇಳಿದಾಗ ‘ಇದು ಕೊಲ್ಯಾಬ್, ಅಮ್ಮಾ’ ಎಂದ. ಅಂದರೆ ಊಟಕ್ಕೆ ಪ್ರಚಾರವೇ ಬೆಲೆ. ಶರಣಬಸವೇಶ್ವರರ ಊರಿನಲ್ಲಿ ದಾಸೋಹ ಹೊಸದಲ್ಲ. ಆದರೆ ಉಂಡವರೇ ಉಪಕಾರ ಮಾಡಿದೆವೆಂದು ಎದ್ದು ಹೋಗುವ ಪದ್ಧತಿ ಅಲ್ಲಿ ಇರಲಿಲ್ಲ.

ಇಷ್ಟಾದ ಮೇಲೆ 2025ರ ಜುಲೈ ಬಂತು. ಯುಪಿಐ ವಹಿವಾಟಿನ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ರಾಜ್ಯದ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕೆಂಬುದು ಕಾನೂನು. ತೆರಿಗೆಯೇ ಇಲ್ಲದ ತರಕಾರಿ, ಹಾಲು ಮಾರುವವರಿಗೂ ನೋಟಿಸ್ ಹೋದದ್ದು ಕಾನೂನಿನ ಉತ್ಸಾಹ. ‘ಡಿಜಿಟಲ್ ಆಗಿ’ ಎಂದು ಬೆನ್ನು ತಟ್ಟಿದ ಕೈ, ಆಗಿದ್ದಾರೆಂದು ಕಂಡೊಡನೆ ಕೊರಳಪಟ್ಟಿ ಹಿಡಿಯಿತು. ಆಮೇಲೆ ಸರ್ಕಾರ ‘ಹಳೆಯ ಬಾಕಿ ಕೇಳುವುದಿಲ್ಲ, ನೋಂದಣಿ ಮಾಡಿಸಿಕೊಳ್ಳಿ’ ಎಂದು ಸಮಾಧಾನ ಹೇಳಿತು. ಅಷ್ಟರಲ್ಲಿ ಅಂಗಡಿ ಅಂಗಡಿಯ ಕ್ಯೂಆರ್ ಕೋಡು ಗೋಡೆಯಿಂದ ಇಳಿದಿತ್ತು.

ರೊಟ್ಟಿ ಕೇಂದ್ರದ ವಹಿವಾಟು ಆ ಮಿತಿಯ ಹತ್ತಿರಕ್ಕೂ ಸುಳಿದಿರಲಿಲ್ಲ. ಆದರೂ ಅತ್ತೆ ಹೆದರಿ, ಬಿಸ್ಕತ್ತಿನ ರಟ್ಟು ಹರಿದು, ಇದ್ದಿಲಿನಲ್ಲಿ ‘ಫೋನ್ ಪೇ ಇಲ್ಲ, ರೊಕ್ಕ ಮಾತ್ರ’ ಎಂದು ಬರೆದು ನೇತುಹಾಕಿದಳು. ದಾರಿಹೋಕನೊಬ್ಬ ಅದರ ಫೋಟೊ ತೆಗೆದು ಹಾಕಿದ. ರೀಲಿಗೆ, ಬೂಸ್ಟಿಗೆ, ಕೊಲ್ಯಾಬಿಗೆ ಸಿಗದ ಭಾಗ್ಯ ಆ ರಟ್ಟಿಗೆ ಸಿಕ್ಕಿತು. ಎರಡು ದಿನದಲ್ಲಿ ಇಡೀ ಊರಿನ ಮೊಬೈಲುಗಳಲ್ಲಿ ಅದೇ. ಕೆಳಗೆ ನೂರಾರು ಪ್ರಶ್ನೆಗಳು: ರೊಟ್ಟಿಗೆ ಎಷ್ಟು, ಬೆಂಗಳೂರಿಗೆ ಕಳಿಸುತ್ತೀರಾ, ಆನ್‌ಲೈನ್‌ನಲ್ಲಿ ದುಡ್ಡು ಹಾಕಬಹುದೇ.

ಗುರುಗಳ ಮುಂದಿನ ತಂಡದ ಬ್ಯಾನರ್ ಮೊನ್ನೆ ಸೂಪರ್ ಮಾರ್ಕೆಟ್ ಬಳಿ ಕಟ್ಟಿದ್ದಾರೆ. ಅದರ ನಡುವೆ ಆ ರಟ್ಟಿನ ಚಿತ್ರವಿದೆ, ಕೆಳಗೆ ‘ನಮ್ಮ ವಿದ್ಯಾರ್ಥಿಯ ಸಾಧನೆ’ ಎಂಬ ಸಾಲಿದೆ. ಶುಲ್ಕ ಎಷ್ಟೆಂದು ಬರೆದಿಲ್ಲ.