ಸ್ಪಷ್ಟನೆ: ತಡೆ ಇರುವುದು ನೇರಪ್ರಸಾರಕ್ಕೆ, ವರದಿಗಲ್ಲ

ಉಗ್ರರ ಕೃತ್ಯಗಳ ಬಗ್ಗೆ ಪೊಲೀಸರು ಹೇಳಿದ್ದನ್ನಷ್ಟೇ ಬರೆಯಬೇಕು, ಪತ್ರಕರ್ತರ ತರಬೇತಿಯಲ್ಲಿ ಹೇಳಿಕೊಡುವುದೂ ಅದನ್ನೇ ಎಂಬ ಸಂದೇಶ ಮಂಗಳೂರಿನ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ತಪ್ಪು.

ಕೇಬಲ್ ಟಿವಿ ನಿಯಮಗಳಿಗೆ 2015ರಲ್ಲಿ ಆದ ತಿದ್ದುಪಡಿ ತಡೆಯುವುದು ಭಯೋತ್ಪಾದಕರ ವಿರುದ್ಧದ ಕಾರ್ಯಾಚರಣೆಯ ನೇರಪ್ರಸಾರವನ್ನು. ಕಾರ್ಯಾಚರಣೆ ಮುಗಿಯುವವರೆಗೆ ಟಿವಿಯವರು ನಿಯೋಜಿತ ಅಧಿಕಾರಿ ಕೊಡುವ ಮಾಹಿತಿಗೆ ಸೀಮಿತರಾಗಬೇಕು, ಅಷ್ಟೆ. ಈ ತಡೆಗೆ ಕಾರಣವಿದೆ: 2008ರ ಮುಂಬೈ ದಾಳಿಯಲ್ಲಿ ಪಾಕಿಸ್ತಾನದಲ್ಲಿದ್ದ ಸೂತ್ರಧಾರರು ನಮ್ಮ ಟಿವಿ ನೋಡುತ್ತಲೇ ದಾಳಿಕೋರರಿಗೆ ಫೋನಿನಲ್ಲಿ ನಿರ್ದೇಶನ ಕೊಡುತ್ತಿದ್ದರು.

ತರಬೇತಿಯ ತಿರುಳು ಬೇರೆಯೇ: ಪರಿಶೀಲನೆ. 2022ರ ನವೆಂಬರ್ 19ರಂದು ಇಲ್ಲಿ ಆಟೊದೊಳಗೆ ಕುಕ್ಕರ್ ಬಾಂಬ್ ಸ್ಫೋಟಿಸಿದಾಗ ಪ್ರಯಾಣಿಕನ ಬಳಿ ಸಿಕ್ಕಿದ್ದು ಬೇರೊಬ್ಬರ ಆಧಾರ್ ಕಾರ್ಡ್. ಅದರಲ್ಲಿನ ಹೆಸರನ್ನು ಅವಸರದಲ್ಲಿ ಹಾಕಿದರೆ (ಬ್ರೇಕಿಂಗ್ ನ್ಯೂಸಿಗೆ ಅಷ್ಟೇ ಸಾಕಲ್ಲ!) ಏನೂ ಅರಿಯದವನು ಉಗ್ರನಾಗಿಬಿಡುತ್ತಾನೆ. ಪೊಲೀಸರ ಹೇಳಿಕೆಯನ್ನು ಪ್ರಶ್ನಿಸಬಾರದೆಂದು ಆ ತಿದ್ದುಪಡಿ ಎಲ್ಲೂ ಹೇಳುವುದಿಲ್ಲ.