ಮನೆಮಾತು ತೆಲುಗು, ಶಾಲೆ ಕನ್ನಡ: ಒಂದನೇ ತರಗತಿಯಲ್ಲಿ ತೆಲುಗು ಬಳಸಬೇಕಾ?

ಪರ

ನಾನು ತಿಪಟೂರು ಕಡೆಯವಳು. ಆಂಧ್ರ ಗಡಿಯ ಬಾಗೇಪಲ್ಲಿ ತಾಲ್ಲೂಕಿನ ಶಾಲೆಗೆ ಪಾಠ ಮಾಡಲು ಬಂದಾಗ ಒಂದಕ್ಷರ ತೆಲುಗು ಬರುತ್ತಿರಲಿಲ್ಲ. ಒಂದು ದಿನ ಒಂದನೇ ತರಗತಿಯ ಹುಡುಗಿಗೆ ಲೋಟದ ಚಿತ್ರವಿದ್ದ ಕಾರ್ಡು ತೋರಿಸಿ ಇದರಲ್ಲೇನಿದೆ ಅಂತ ಕೇಳಿದೆ. 'ಪಾಲು' ಅಂದಳು. ನಾನು ತಪ್ಪು ಅಂದೆ. ಅವಳು ಕಾರ್ಡನ್ನು ಮೆಲ್ಲಗೆ ಕೆಳಗಿಟ್ಟಳು. ಆ ವಾರವೆಲ್ಲ ನನ್ನ ಹತ್ತಿರ ಬಾಯಿ ಬಿಡಲಿಲ್ಲ. ತೆಲುಗಿನಲ್ಲಿ ಹಾಲಿಗೆ ಪಾಲು ಅಂತಾರೆ ಅನ್ನೋದು ನನಗೆ ಆಮೇಲೆ ಗೊತ್ತಾಯಿತು. ಮಗು ಸರಿಯಾಗೇ ಹೇಳಿತ್ತು.

ಅಲ್ಲಿಂದ ನಾನು ಅವರ ಮಾತಿನಿಂದಲೇ ಪಾಠ ಶುರು ಮಾಡಿದೆ. ನಾನು 'ಪಾಮು' ಅಂದರೆ ಅವರು 'ಹಾವು' ಅನ್ನಬೇಕು. ಪುಲಿ ಅಂದರೆ ಹುಲಿ, ಪುವ್ವು ಅಂದರೆ ಹೂವು, ಪಂದಿ ಅಂದರೆ ಹಂದಿ. ನಾಲ್ಕೈದು ಜೋಡಿ ಆಗುವಷ್ಟರಲ್ಲಿ ಮಕ್ಕಳೇ ಗುಟ್ಟು ಹಿಡಿದರು: ಅಲ್ಲಿಯ 'ಪ' ಇಲ್ಲಿ 'ಹ'. ಬಾಗೇಪಲ್ಲಿಯ ಪಲ್ಲಿಯೂ ನಮ್ಮ ಹಳ್ಳಿಯೇ ಅಂದಾಗ ಅವರ ಮುಖ ನೋಡಬೇಕಿತ್ತು! ಮುಂದಿನ ವಾರ ಚೆವಿ ಕಿವಿಯಾಯಿತು, ಚೆಯ್ಯಿ ಕೈಯಾಯಿತು, ಚೆರುವು ಕೆರೆಯಾಯಿತು. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ. ಹಳಗನ್ನಡದಲ್ಲೂ ಹಾಲು 'ಪಾಲ್', ಹುಲಿ 'ಪುಲಿ' ಆಗಿದ್ದವು. ಅಂದಮೇಲೆ ಈ ಮಕ್ಕಳ ಮಾತು ಕನ್ನಡಕ್ಕೆ ದೂರದ್ದೇನಲ್ಲ, ಅಲ್ವಾ?

ಪಾಠ ಆದಷ್ಟು ಮಟ್ಟಿಗೆ ಮಗುವಿನ ಮಾತೃಭಾಷೆಯಲ್ಲಿರಬೇಕು ಅಂತ 2009ರ ಶಿಕ್ಷಣ ಹಕ್ಕು ಕಾಯ್ದೆಯೇ ಹೇಳುತ್ತದೆ. ನಾನು ಅಷ್ಟನ್ನೂ ಕೇಳುತ್ತಿಲ್ಲ. ಮೊದಲ ಕೆಲವು ತಿಂಗಳು ಆ ಮಾತಿಗೆ ಜಾಗ ಇರಲಿ, ಅಷ್ಟೇ. ಗಡಿಯಾಚೆಯದು ಅಂತ ಹಿಂಜರಿಯುವವರಿಗೆ ಒಂದು ಮಾತು: ನಮ್ಮ ಸರ್ಕಾರಿ ಶಾಲೆಗಳ ಚಟುವಟಿಕೆಯ ಕಲಿಕೆ 'ನಲಿಕಲಿ' ಶುರುವಾಗಿದ್ದೂ 1995ರಲ್ಲಿ ಎಚ್.ಡಿ. ಕೋಟೆಯ ಶಿಕ್ಷಕರು ಆಂಧ್ರದ ಮದನಪಲ್ಲಿ ಹತ್ತಿರದ ರಿಷಿವ್ಯಾಲಿಯ ಹಳ್ಳಿಶಾಲೆಗಳನ್ನು ನೋಡಿ ಬಂದ ಮೇಲೆ.

ವಿರೋಧ

ನಾನು ಹುಟ್ಟಿ ಬೆಳೆದದ್ದು ಇದೇ ತಾಲ್ಲೂಕಿನಲ್ಲಿ. ನನ್ನ ಮನೆಮಾತೂ ತೆಲುಗು. ಅದಕ್ಕೇ ಬೇಡ ಅನ್ನುತ್ತಿದ್ದೇನೆ.

ನಮ್ಮೂರಿನ ಮಗುವಿಗೆ ಕನ್ನಡ ಕಿವಿಗೆ ಬೀಳುವುದು ಶಾಲೆಯಲ್ಲಿ ಮಾತ್ರ. ಮನೆ, ಅಂಗಡಿ, ಹೊಲ, ಎಲ್ಲ ಕಡೆ ತೆಲುಗು. ಇರುವ ಆ ಕೆಲವೇ ಗಂಟೆಗಳಲ್ಲೂ ನಾವು ತೆಲುಗು ಬೆರೆಸಿದರೆ ಕನ್ನಡಕ್ಕೆ ಉಳಿಯುವುದೆಷ್ಟು? ನಾನೇ ಮಾಡಿ ನೋಡಿದ್ದೇನೆ. ಕನ್ನಡದಲ್ಲಿ ಒಂದು ವಾಕ್ಯ, ಬೆನ್ನಿಗೇ ತೆಲುಗಿನಲ್ಲಿ ಅದೇ ವಾಕ್ಯ. ಹದಿನೈದು ದಿನದಲ್ಲಿ ಮಕ್ಕಳು ಮೊದಲನೆಯದನ್ನು ಕೇಳುವುದನ್ನೇ ಬಿಟ್ಟರು. ಎರಡನೆಯದು ಬರುತ್ತೆ ಅಂತ ಅವರಿಗೆ ಗೊತ್ತು. ಸುಮ್ನೆ ಕಾಯುತ್ತಿದ್ದರು.

ಪ-ಹ ಜೋಡಿಯಾಟ ಚೆನ್ನಾಗಿದೆ, ಒಪ್ಪುತ್ತೇನೆ. ಆದರೆ ಪಿಲ್ಲಿ ಹಿಲ್ಲಿಯಾಗಲ್ಲ, ಬೆಕ್ಕಾಗುತ್ತದೆ. ಚೆಟ್ಟು ಮರ, ಗುಡ್ಡು ಮೊಟ್ಟೆ. ಜೋಡಿ ಸಿಗದ ಮಾತುಗಳೇ ಜಾಸ್ತಿ. ಇನ್ನೊಂದು ವಿಷಯ: ಅದೇ ತರಗತಿಯಲ್ಲಿ ಉರ್ದು ಮಾತಾಡುವ ಮಕ್ಕಳು, ತಾಂಡಾದಿಂದ ಬರುವ ಲಂಬಾಣಿ ಮಕ್ಕಳು ಕೂತಿರುತ್ತಾರೆ. ತೆಲುಗಿನಲ್ಲಿ ವಿವರಿಸಿದರೆ ಅವರು ಎರಡು ಹೊಸ ಭಾಷೆಯ ನಡುವೆ ಸಿಕ್ಕಿಕೊಳ್ಳುತ್ತಾರೆ. ಇದನ್ನು ಯಾರೂ ಯೋಚನೆ ಮಾಡುವುದಿಲ್ಲ.

ತೆಲುಗು ಮಾತಾಡಿದ ಮಗುವನ್ನು ಗದರಿಸಿ ಅನ್ನುತ್ತಿಲ್ಲ. ಆಟದಲ್ಲಿ ಏನಾದರೂ ಮಾತಾಡಿಕೊಳ್ಳಲಿ. ಶಿಕ್ಷಕರ ಬಾಯಲ್ಲಿ ಮಾತ್ರ ಕನ್ನಡವೇ ಇರಲಿ. ಅರ್ಥ ಮಾಡಿಸುವುದಕ್ಕೆ ಕೈ ಇದೆ, ಮುಖ ಇದೆ, ವಸ್ತು ಇದೆ. ಬಾ, ಕೂರು, ತಗೋ, ಕೊಡು ಅನ್ನುತ್ತಾ ಮಾಡಿ ತೋರಿಸಿದರೆ ಸಾಕು, ಅನುವಾದ ಬೇಕಿಲ್ಲ.

ನಮಗೆ ಜಾಸ್ತಿ ಕೆಲಸ ಮಾಡಿಕೊಟ್ಟಿದ್ದು ಬಿಸಿಯೂಟ. ಅಡುಗೆ ಮಾಡುವ ಅಕ್ಕನ ಮನೆಮಾತೂ ತೆಲುಗೇ. ಬಡಿಸುವಾಗ ಮಾತ್ರ ಕನ್ನಡದಲ್ಲೇ ಮಾತಾಡಿ ಅಂತ ಕೇಳಿಕೊಂಡೆ. 'ಅನ್ನ ಸಾಕಾ? ಸಾರು ಬೇಕಾ? ಇನ್ನೂ ಸ್ವಲ್ಪ ಹಾಕಲಾ?' ದಿನಾ ಅದೇ ಮಾತು, ದಿನಾ ಅದೇ ತಟ್ಟೆ. ಜೂನ್‌ನಲ್ಲಿ ಮೊಟ್ಟೆ ಕಂಡರೆ ತಲೆ ಅಲ್ಲಾಡಿಸಿ ಸುಮ್ಮನಾಗುತ್ತಿದ್ದ ಒಬ್ಬ ಹುಡುಗ, ದಸರಾ ರಜೆಗೆ ಮುಂಚೆ ತಟ್ಟೆ ಹಿಂದಕ್ಕೆಳೆದುಕೊಂಡು ಹೇಳಿದ: "ಅಕ್ಕಾ, ನಂಗೆ ಮೊಟ್ಟೆ ಬೇಡ, ಬಾಳೆಹಣ್ಣು ಕೊಡಿ."